ಪುಟ್ಟಣ್ಣನ ಉಪವಾಸ

ಬರೆಯದೆ ತುಂಬಾ ದಿನ ಆಯ್ತು. "ಎಲ್ಲಿ ಕಾಣೆಯಾದೆ ಮಾರಾಯ" ಅಂತ ಒಂದಿಬ್ಬರು ಮೇಲ್ ಮಾಡಿ ಕೇಳಿದ್ದೀರಿ. ಊರಲ್ಲಿದ್ದೆ. ಬೆಕ್ಕಿಗೆ ಊಟ ಮಾಡಿಸ್ತಾ ಇದ್ದೆ. ನಗಬೇಡಿ, ಪೂರ್ತಿ ಕೇಳಿ.

ಜೂನ್ ಕೊನೆಯಲ್ಲಿ ಅಮ್ಮ ಅಂಗಳದ ಪಾಚಿ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಮಣಿಪಾಲದಲ್ಲಿ ಆಪರೇಷನ್ ಆಗಿ, ಅಲ್ಲಿಂದ ಬ್ರಹ್ಮಾವರದ ಅಕ್ಕನ ಮನೆಗೆ ಹೋದಳು. ನಾನು ರಜೆ ಹಾಕಿ ಬೆಂಗಳೂರಿಂದ ಬಂದವನು ಒಂದು ದಿನ ಬ್ರಹ್ಮಾವರ, ಒಂದು ದಿನ ನಾವುಂದ ಅಂತ ಓಡಾಡ್ತಾ ಇದ್ದೆ. ನಾವುಂದದ ಮನೆಯಲ್ಲಿ ಇದ್ದದ್ದು ಪುಟ್ಟಣ್ಣ ಒಬ್ಬನೇ. ಅಮ್ಮನ ಬೆಕ್ಕು. ಏಳು ವರ್ಷದ ಗಂಡುಬೆಕ್ಕು, ಐದು ಕೆಜಿಗೆ ಕಮ್ಮಿ ಇಲ್ಲ. ಅಮ್ಮ ಉಣ್ಣುವಾಗ ಮಣೆಯ ಪಕ್ಕ ಕೂತು, ಅವಳು ಬಾಳೆಎಲೆ ತುಂಡಿಗೆ ಹಾಕಿದ್ದನ್ನೇ ತಿನ್ನುವ ಜಾತಿ.

ಮೊದಲ ನಾಲ್ಕು ದಿನ ನಾನು ಹಾಕಿದ್ದನ್ನೂ ತಿಂದಿತು. ಆಮೇಲೆ ನಿಲ್ಲಿಸಿತು.

ಅನ್ನ ಮೀನು ಕಲಸಿ ಇಟ್ಟರೆ ಓಡಿ ಬರುತ್ತೆ, ಮೂಸುತ್ತೆ, ಒಂದು ಸಲ ನೆಕ್ಕುತ್ತೆ, ಹಿಂದೆ ಸರಿಯುತ್ತೆ. ಹೋಗಿ ಅಮ್ಮ ಕೂರುವ ಜಾಗದಲ್ಲಿ ಮುದುಡಿ ಮಲಗುತ್ತೆ. ಹಾಲು ಇಟ್ಟೆ, ಬೇಡ. ಕುಂದಾಪುರದಿಂದ ಪ್ಯಾಕೆಟಿನ ತಿಂಡಿ ತಂದೆ, ಅದೂ ಬೇಡ. ಆಚೆಮನೆ ಅಕ್ಕ ಬಂದು ನೋಡಿ, "ಅಮ್ಮ ಇಲ್ಲೆ ಅಂದೇಳಿ ಬ್ಯಾಸ್ರ ಮಾಡ್ಕಂಡಿತ್ ಕಾಣಿ" ಅಂದ್ರು. ನನಗೂ ಹೌದು ಅನ್ನಿಸಿತು. ನಿಜ ಹೇಳಬೇಕಂದ್ರೆ ಸ್ವಲ್ಪ ಖುಷಿಯೂ ಆಯ್ತು. ಹೊರಗೆ ಆಷಾಢದ ಮಳೆ, ಒಳಗೆ ಒಡತಿಗಾಗಿ ಅನ್ನ ಬಿಟ್ಟ ಬೆಕ್ಕು... ಇಲ್ಲಿ ಬರೆಯೋದಕ್ಕೆ ಎರಡು ಪ್ಯಾರಾ ಮನಸ್ಸಲ್ಲೇ ತಯಾರಾಗಿತ್ತು!

ಅದನ್ನ ನಾನು ಅಮ್ಮನಿಗೂ ಫೋನಲ್ಲಿ ಹೇಳಿದೆ. ದೊಡ್ಡ ತಪ್ಪು. ಅವತ್ತು ರಾತ್ರಿ ಅಕ್ಕ ಫೋನ್ ಮಾಡಿ ಸರಿಯಾಗಿ ಬೈದಳು. ಅಮ್ಮ ಗಂಜಿ ಮುಟ್ಟಿರಲಿಲ್ಲವಂತೆ. "ಅದ್ ಉಣ್ದೆ ನಾ ಹ್ಯಾಂಗ್ ಉಂಬುದ್, ನನ್ನ ಮನಿಗ್ ಕರ್ಕಂಡ್ ಹೋಯ್ನಿ" ಅಂತ ಹಟ ಹಿಡಿದು, ವಾಕರ್ ಇಲ್ಲದೆ ಎದ್ದು ನಿಲ್ಲೋಕೆ ಹೋಗಿದ್ದಳಂತೆ. ಆಪರೇಷನ್ ಆಗಿ ಹನ್ನೊಂದನೇ ದಿನ ಅದು. ಇನ್ನೊಂದು ಸಲ ಬಿದ್ದಿದ್ದರೆ? ಆ ರಾತ್ರಿ ನಿದ್ದೆ ಬರಲಿಲ್ಲ.

ಮೂರನೇ ದಿನ ಬೆಳಿಗ್ಗೆ ಆಚೆಮನೆ ಅಕ್ಕ, "ಜ್ವರದ್ ಮಾತ್ರಿ ಅರ್ಧ ಮಾಡಿ ಹಾಲಿಗ್ ಹಾಕಿ ಕುಡ್ಸಿ ಕಾಣಿ" ಅಂದ್ರು. ಪ್ಯಾರಾಸಿಟಮಾಲ್ ಕೈಯಲ್ಲಿ ಹಿಡಿದು ಅರ್ಧ ಮುರಿದೂ ಆಗಿತ್ತು. ಯಾಕೋ ಅನುಮಾನ ಬಂದು ಪಶುವೈದ್ಯರೊಬ್ಬರಿಗೆ ಫೋನ್ ಹಚ್ಚಿದೆ. ಆ ಕಡೆಯಿಂದ ಬೊಬ್ಬೆ. "ಕೊಟ್ರೆ ಬೆಕ್ಕು ಸಾಯತ್ತೆ ಮಾರಾಯ್ರೆ! ಬೇಗ ಕರ್ಕೊಂಡು ಬನ್ನಿ." ಆ ಮಾತ್ರೆಯನ್ನು ನಮ್ಮ ಲಿವರ್ ಅರಗಿಸಿ ಹೊರಗೆ ಹಾಕುವ ಹಾಗೆ ಬೆಕ್ಕಿನ ಲಿವರಿಗೆ ಮಾಡಲಿಕ್ಕೆ ಬರೋದಿಲ್ಲವಂತೆ. ರಕ್ತ ಆಮ್ಲಜನಕ ಹೊರುವುದನ್ನೇ ಬಿಡುತ್ತದೆ, ಒಸಡು ಕಂದು ಬಣ್ಣಕ್ಕೆ ತಿರುಗುತ್ತದೆ. ಅರ್ಧ ಮಾತ್ರೆಯೂ ಸಾಕು. ಮನೆಯಲ್ಲಿ ಬೆಕ್ಕಿರುವವರು ಇದೊಂದನ್ನು ನೆನಪಿಟ್ಟುಕೊಳ್ಳಿ, ಉಳಿದ ನನ್ನ ಕಥೆ ಮರೆತರೂ ಪರವಾಗಿಲ್ಲ.

2018ರಲ್ಲಿ ಬೈಂದೂರು ಬೇರೆ ತಾಲೂಕಾಯ್ತು, ಆದರೂ ನಮಗೆ ಏನಿದ್ದರೂ ಕುಂದಾಪುರವೇ ಅಭ್ಯಾಸ. ತರಕಾರಿ ಬುಟ್ಟಿಗೆ ಪುಟ್ಟಣ್ಣನನ್ನು ಹಾಕಿ, ಮೇಲೆ ಅಮ್ಮನ ಹಳೇ ಸೀರೆ ಕಟ್ಟಿ, ರಿಕ್ಷಾ ಹತ್ತಿದೆ. ಮರವಂತೆ ಹತ್ತಿರ ಕಡಲು ರಸ್ತೆಗೇ ಬರುವ ಹಾಗೆ ಅಬ್ಬರಿಸ್ತಾ ಇತ್ತು. ಬೇರೆ ಸಮಯದಲ್ಲಾದರೆ ಬುಟ್ಟಿಯೊಳಗಿಂದ ಊರಿಗೆಲ್ಲ ಕೇಳುವ ಹಾಗೆ ಕೂಗುವ ಬೆಕ್ಕು ಅವತ್ತು ಸದ್ದೇ ಮಾಡಲಿಲ್ಲ.

ಡಾಕ್ಟರು ಕೇಳಿದ ಮೊದಲ ಪ್ರಶ್ನೆ: "ಅದಕ್ಕೆ ಹಸಿವೇ ಇಲ್ವಾ, ಹಸಿವಿದ್ದೂ ತಿನ್ನೋಕಾಗ್ತಿಲ್ವಾ?" ನಾನು ಬೆಪ್ಪಾಗಿ ನಿಂತೆ. ಹಸಿವಿಲ್ಲದ್ದು ಬಟ್ಟಲ ಹತ್ತಿರವೇ ಬರೋದಿಲ್ಲ. ಇದು ಓಡಿ ಬರ್ತಿತ್ತಲ್ಲ. ಜೊಲ್ಲು ಸುರಿತಿತ್ತಾ? ಸುರಿತಿತ್ತು. ಮುಂಗಾಲಲ್ಲಿ ಬಾಯಿ ಕೆರ್ಕೊಳ್ತಿತ್ತಾ? ಕೆರ್ಕೊಳ್ತಿತ್ತು. ನಾನು ಮುಖ ತೊಳೀತಾ ಇದೆ ಅಂದ್ಕೊಂಡಿದ್ದೆ. ಬೆನ್ನ ಮೇಲಿನ ಚರ್ಮ ಚಿವುಟಿ ಎತ್ತಿ ಬಿಟ್ಟರು, ತಟ್ಟನೆ ಕೂರಲಿಲ್ಲ, ನೀರಿನಂಶ ಕಮ್ಮಿಯಾಗಿದೆ ಅಂತ ಅರ್ಥ. ಸ್ವಲ್ಪ ಮತ್ತು ಬರುವ ಇಂಜೆಕ್ಷನ್ ಕೊಟ್ಟು ಬಾಯಿ ತೆರೆದರು.

ಮೇಲಿನ ಅಂಗಳಕ್ಕೆ ಅಡ್ಡವಾಗಿ, ಆಚೆ ದವಡೆ ಹಲ್ಲಿಂದ ಈಚೆ ದವಡೆ ಹಲ್ಲಿಗೆ, ಸೇತುವೆ ಕಟ್ಟಿದ ಹಾಗೆ ಒಂದು ಮೀನಿನ ಮುಳ್ಳು. ಸುತ್ತ ಕೆಂಪಾಗಿ ಬಾತಿತ್ತು. ಚಿಮಟದಲ್ಲಿ ಎಳೆದು ನನ್ನ ಅಂಗೈ ಮೇಲಿಟ್ಟರು.

ಅದು ನನ್ನದೇ ಬಟ್ಟಲಿನ ಮುಳ್ಳು. ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ, ಗಂಗೊಳ್ಳಿ ಬಂದರು ಖಾಲಿ. ಬೈಗೆ ಬಂಗುಡೆ ಸಿಕ್ಕದೆ ನಾನು ಹೊಳೆಮೀನು ತಂದು ಹುರಿದಿದ್ದೆ, ಮೈಯೆಲ್ಲ ಮುಳ್ಳೇ ಅದಕ್ಕೆ. ತಿಂದಾದ ಮೇಲೆ ತಲೆ, ಮುಳ್ಳು ಎಲ್ಲ ಬಾಚಿ ಪುಟ್ಟಣ್ಣನ ಎಲೆಗೆ ಸುರಿದಿದ್ದೆ. ಬೆಕ್ಕಲ್ವಾ, ತಿನ್ನತ್ತೆ ಅಂತ. ಹಸಿ ಮುಳ್ಳು ಬಾಗುತ್ತದೆ, ಹುರಿದದ್ದು ಗಟ್ಟಿಯಾಗಿ ಚೂಪಾಗಿ ಮುರಿಯುತ್ತದೆ ಅಂತ ಡಾಕ್ಟರು ಹೇಳಿದ ಮೇಲೆ ಗೊತ್ತಾದದ್ದು.

ಮುಳ್ಳು ತೆಗೆದ ಕೂಡಲೇ ತಿನ್ನುತ್ತೆ ಅಂದ್ಕೊಂಡಿದ್ದೆ. ಇಲ್ಲ. ದಪ್ಪ ಬೆಕ್ಕುಗಳು ಎರಡು ಮೂರು ದಿನ ಉಪವಾಸ ಬಿದ್ದರೆ ಮೈಯ ಕೊಬ್ಬೆಲ್ಲ ಕರಗಿ ಲಿವರಿಗೆ ಬಂದು ತುಂಬಿಕೊಳ್ಳುತ್ತಂತೆ. ಆಮೇಲೆ ವಾಕರಿಕೆ, ವಾಕರಿಕೆಯಿಂದ ಇನ್ನೂ ಊಟ ಬೇಡ. ನಾಯಿ ಒಂದು ವಾರ ತಡೆದೀತು, ಬೆಕ್ಕು ತಡೆಯೋದಿಲ್ಲ ಅಂದ್ರು. ಕಿವಿಯ ಒಳಭಾಗ, ಒಸಡು ಹಳದಿಯಾಗಿದೆಯಾ ಅಂತ ದಿನಾ ನೋಡಬೇಕು. ಅಷ್ಟರ ತನಕ ನಾವೇ ಉಣಿಸಬೇಕು.

ಡ್ರಿಪ್ ಹಾಕಿಸಿ, ಔಷಧಿ ಮತ್ತು ಸೂಜಿ ಇಲ್ಲದ ಸಿರಿಂಜು ಹಿಡ್ಕೊಂಡು ಮನೆಗೆ ಬಂದೆ. ಕೋಳಿ ಬೇಯಿಸಿ, ಉಪ್ಪು ಇಲ್ಲ, ಈರುಳ್ಳಿ ಬೆಳ್ಳುಳ್ಳಿ ಅಂತೂ ಬೆಕ್ಕಿಗೆ ವಿಷವೇ, ಮಿಕ್ಸಿಗೆ ಹಾಕಿ ಸೋಸಿ, ಉಗುರು ಬೆಚ್ಚಗೆ ಮಾಡಿ. ಬೆಚ್ಚಗಿದ್ದರೆ ವಾಸನೆ ಏಳುತ್ತೆ, ಬೆಕ್ಕು ಉಣ್ಣೋದು ಮೂಗಿಂದ. ಟವೆಲ್ಲಿನಲ್ಲಿ ಸುತ್ತಿ, ತಲೆ ಹಿಂದಕ್ಕೆ ಬಗ್ಗಿಸದೆ, ಬಾಯಿಯ ಬದಿಯಿಂದ ಒಂದೊಂದೇ ಎಂಎಲ್. ಅವಸರ ಮಾಡಿದರೆ ಶ್ವಾಸಕೋಶಕ್ಕೆ ಹೋಗುತ್ತೆ. ಮೊದಲ ದಿನ ಕೋಳಿ ಎಲ್ಲ ನನ್ನ ಶರ್ಟಿಗೆ, ಕೈಗೆ ಮೂರು ಕಡೆ ಗೀರು. ಎರಡನೇ ದಿನ ಒಂದು ಸಲ ವಾಂತಿ. ಮೂರು ಗಂಟೆಗೊಮ್ಮೆ ಅಲಾರಂ ಇಟ್ಟು, ರಾತ್ರಿ ಟಾರ್ಚಿನಲ್ಲಿ ಅದರ ಕಿವಿ ನೋಡ್ತಾ ಕೂರೋದು. ಅಮ್ಮ ಫೋನ್ ಮಾಡಿದರೆ, "ಮುಳ್ಳು ಸಿಕ್ಕಿಬಿದ್ದಿತ್ತು, ತೆಗೆಸಿದ್ದೇನೆ, ನಿನ್ನ ನೆನಪಲ್ಲಿ ಅಲ್ಲ" ಅಂದೆ. ಯಾರು ಹಾಕಿದ ಮುಳ್ಳು ಅಂತ ಹೇಳಲಿಲ್ಲ. ಅವತ್ತು ಅವಳು ಗಂಜಿ ಉಂಡಳು.

ಐದನೇ ದಿನ ಸಂಜೆ ಸಿರಿಂಜಿಗೆ ತುಂಬಿಸ್ತಾ ಇದ್ದೆ. ಪುಟ್ಟಣ್ಣ ಬಂದು ಬಟ್ಟಲಿಗೇ ಮೂತಿ ಹಾಕಿತು. ನಾನು ಉಸಿರು ಬಿಡದೆ ಕೂತೆ. ನಾಲ್ಕು ಸಲ ನೆಕ್ಕಿತು, ನಿಂತಿತು, ಮತ್ತೆ ನೆಕ್ಕಿತು. ಆಮೇಲೆ ಬಟ್ಟಲು ಖಾಲಿ.

ಅಮ್ಮ ಈಗ ಮನೆಗೆ ಬಂದಿದ್ದಾಳೆ. ನೆಲಕ್ಕೆ ಕೂರುವ ಹಾಗಿಲ್ಲ, ಕುರ್ಚಿ ಮೇಲೆ ಊಟ. ಮೊನ್ನೆ ಬೈಗೆ ಸಿಕ್ಕಿತ್ತು. ತನ್ನ ಬಟ್ಟಲಿನಲ್ಲಿ ಮೀನನ್ನು ಬೆರಳಲ್ಲಿ ಬಿಡಿಸಿ, ಮುಳ್ಳು ಒಂದು ಕಡೆ, ಮಾಂಸ ಒಂದು ಕಡೆ ಮಾಡಿ, ಮಾಂಸವನ್ನು ನನ್ನ ಕೈಗೆ ಕೊಟ್ಟು, "ಅದಕ್ಕ್ ಹಾಕ್" ಅಂದಳು. ಆಮೇಲೆ ನನ್ನ ಮುಖ ನೋಡದೇ ಕೇಳಿದಳು, "ನೀ ಮುಳ್ ತೆಗೀದೇ ಹಾಕಿದ್ದ್ ಅಲ್ದಾ ಮಾಣಿ?"