ಬೆಂಚಿನ ಮೇಲೆ ಮಲಗಿದ ಕರ್ತನು

ಕರ್ತನ ರೂಪವೆಂದೊಡನೆ ಶಿಲುಬೆಯ ಮೇಲಣ ರೂಪವಾಗಲಿ, ಕುರಿಮರಿಯನ್ನು ಹೆಗಲ ಮೇಲೆ ಹೊತ್ತ ಕುರುಬನ ರೂಪವಾಗಲಿ ನಮ್ಮ ಕಣ್ಣಿಗೆ ಕಟ್ಟುವದು ವಾಡಿಕೆ. ಕೆನಡಾ ದೇಶದ ಶಿಲ್ಪಿಗಳಾದ ತಿಮೊಥಿ ಶ್ಮಾಲ್ಜ್ ಎಂಬವರು ಮಾಡಿದ ಕಂಚಿನ ಪ್ರತಿಮೆಯು ಇವೆರಡಕ್ಕೂ ಬೇರೆಯಾದದ್ದು. ಉದ್ಯಾನಗಳಲ್ಲಿರುವಂಥ ಒಂದು ಬೆಂಚು. ಅದರ ಮೇಲೆ ಒಬ್ಬನು ತಲೆಯ ತನಕ ಕಂಬಳಿಯನ್ನು ಹೊದ್ದು ಮಲಗಿದ್ದಾನೆ. ಮುಖವು ಕಾಣಿಸದು. ಬರಿಯ ಪಾದಗಳು ಮಾತ್ರ ಹೊರಗಿರುವವು; ಅವುಗಳಲ್ಲಿ ಮೊಳೆಯ ಗಾಯಗಳುಂಟು. ಮಲಗಿದವನು ಯಾರೆಂದು ತಿಳಿಯುವದಕ್ಕೆ ಅದೊಂದೇ ಗುರುತು.

ಕ್ರಿಸ್ಮಸ್ ಸಮಯದಲ್ಲಿ ಟೊರೊಂಟೊ ಪಟ್ಟಣದ ಬೀದಿಯಲ್ಲಿ ನಿರ್ಗತಿಕನೊಬ್ಬನು ಹೊದ್ದು ಮಲಗಿದ್ದನ್ನು ಕಂಡದ್ದೇ ಈ ಕೃತಿಗೆ ಕಾರಣವಾಯಿತಂತೆ. ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯವನ್ನು ಬಾಲ್ಯದಿಂದ ಬಾಯಿಪಾಠ ಮಾಡಿದ ನಮ್ಮ ಸೋದರಿಯರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾದದ್ದಿಲ್ಲ.

ಆದರೆ ಪ್ರತಿಮೆಗೇ ಮೊದಲು ನೆಲೆ ಸಿಕ್ಕಲಿಲ್ಲ! ಟೊರೊಂಟೊ, ನ್ಯೂಯಾರ್ಕ್ ಪಟ್ಟಣಗಳ ಎರಡು ಮಹಾದೇವಾಲಯಗಳವರು ಅದನ್ನು ಅಂಗೀಕರಿಸಲಿಲ್ಲ. ಬೇತ್ಲೆಹೇಮಿನ ಛತ್ರವು ನಮ್ಮ ನೆನಪಿಗೆ ಬಾರದಿರುವದು ಹೇಗೆ? ಕಡೆಗೆ 2013ರಲ್ಲಿ ಟೊರೊಂಟೊದ ರೀಜಿಸ್ ಕಾಲೇಜಿನವರು ಅದಕ್ಕೆ ಸ್ಥಳ ಕೊಟ್ಟರು. 2014ರಲ್ಲಿ ಅಮೇರಿಕದ ಉತ್ತರ ಕೆರೊಲಿನದಲ್ಲಿರುವ ಡೇವಿಡ್ಸನ್ ಎಂಬ ಅನುಕೂಲಸ್ಥರ ಊರಿನಲ್ಲಿ, ಸಂತ ಆಲ್ಬನರ ದೇವಾಲಯದ ಮುಂದೆ, ಇಂಥದೇ ಒಂದನ್ನು ಇಟ್ಟರು. ಆ ದಾರಿಯಲ್ಲಿ ಹೋಗುತ್ತಿದ್ದ ಸ್ತ್ರೀಯೊಬ್ಬಳು ನಿಜವಾದ ಮನುಷ್ಯನೆಂದೆಣಿಸಿ ಪೊಲೀಸರಿಗೆ ತಿಳಿಸಿದಳು. ಕರ್ತನನ್ನು ಇಷ್ಟು ದೀನನಾಗಿ ತೋರಿಸುವದು ಅಪಮಾನವೆಂದವರೂ ಇದ್ದರು. 2020ರಲ್ಲಿ ಒಹಾಯೊ ಸೀಮೆಯ ಬೇ ವಿಲೇಜಿನಲ್ಲಿ ಪ್ರತಿಮೆಯನ್ನಿಟ್ಟ 20 ನಿಮಿಷಗಳೊಳಗೆ ಪೊಲೀಸರಿಗೆ ಕರೆ ಹೋಯಿತು. ಆ ಕರೆಯಲ್ಲಿ ಕನಿಕರವೆಷ್ಟು, ಭಯವೆಷ್ಟು ಎಂಬದನ್ನು ಅಳೆಯುವವರು ನಾವಲ್ಲ.

ದೇವಾಲಯದಲ್ಲಿ ಪ್ರತಿಮೆಯೇ ಸಲ್ಲದೆಂಬ ಬೋಧನೆಯಲ್ಲಿ ಬೆಳೆದವರು ನಮ್ಮಲ್ಲಿ ಅನೇಕರು. ಆ ಸಂಶಯವನ್ನು ನಾವು ಹಗುರವಾಗಿ ಎಣಿಸುವದಿಲ್ಲ. ಕಂಚಿಗೆ ಹಣವನ್ನು ಸುರಿಯುವದಕ್ಕಿಂತ ಆ ಹಣದಿಂದ ಕಂಬಳಿಗಳನ್ನೇ ಹಂಚಬಾರದೇ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಆದರೂ ಈ ಪ್ರತಿಮೆಯು ಪೀಠದ ಮೇಲೆ ನಿಂತು ನಮಸ್ಕಾರವನ್ನು ಬೇಡುವಂಥದಲ್ಲ. ಬೀದಿಯ ಬದಿಯಲ್ಲಿ ಬಿದ್ದುಕೊಂಡು, ದಾಟಿಹೋಗುವವರ ಹೆಜ್ಜೆಯನ್ನು ತಡೆಯುವಂಥದು. ಕಂಬಳಿಯನ್ನು ಕೊಟ್ಟು ಮುಖವನ್ನು ನೋಡದೆ ಹೋಗುವ ಧರ್ಮವು ನಮ್ಮ ಊರುಗಳಲ್ಲಿಯೂ ಉಂಟಷ್ಟೆ. ಅಂಥ ದಾನಿಗೆ ಇಲ್ಲಿ ನೋಡುವದಕ್ಕೆ ಮುಖವೇ ಇಲ್ಲ, ಗಾಯಗಳು ಮಾತ್ರ.

2013ರ ನವಂಬರದಲ್ಲಿ ಫ್ರಾನ್ಸಿಸ್ ಪೋಪರು ರೋಮಿನಲ್ಲಿ ಇದನ್ನು ಮುಟ್ಟಿ ಪ್ರಾರ್ಥಿಸಿದರು. 2016ರಲ್ಲಿ ವ್ಯಾಟಿಕನಿನ ದಾನಧರ್ಮಗಳ ಕಚೇರಿಯ ಬಳಿ ಒಂದು ಪ್ರತಿಯನ್ನು ಸ್ಥಾಪಿಸಲಾಯಿತು. ಆ ಪೋಪರು 2025ರಲ್ಲಿ ತೀರಿಕೊಂಡರು.

ಒಂದು ಸಂಗತಿಯನ್ನು ಹೇಳುವದು ಉಳಿಯಿತು. ಶಿಲ್ಪಿಯು ಬೆಂಚನ್ನು ಪೂರ್ತಿಯಾಗಿ ತುಂಬಿಸಲಿಲ್ಲ. ಪಾದಗಳ ಬಳಿಯಲ್ಲಿ ಒಬ್ಬರು ಕೂತುಕೊಳ್ಳುವಷ್ಟು ಸ್ಥಳವನ್ನು ಬಿಟ್ಟಿದ್ದಾರೆ. ಡೇವಿಡ್ಸನಿನಲ್ಲಿ ಜನರು ಅಲ್ಲಿ ಕೂತು, ಆ ಪಾದಗಳ ಮೇಲೆ ಕೈಯಿಟ್ಟು ಪ್ರಾರ್ಥಿಸುವದುಂಟು.