ಭಯದ ಎರಡನೆಯ ಭಾಗ

ಕಥೆಯು ಮುಗಿದ ಮೇಲೆ 'ಮುಂದೇನಾಯಿತು?' ಎಂದು ಕೇಳುವದು ಮನುಷ್ಯಸ್ವಭಾವವು. ಅಜ್ಜಿಯ ಮಗ್ಗುಲಲ್ಲಿ ಮಲಗಿದ ಕೂಸು ಇದನ್ನು ಕೇಳುವದು. ಪುರಾಣವನ್ನು ಕೇಳಿ ಎದ್ದು ಬರುವ ಮುದುಕರೂ ಕೇಳುವರು. ಚಿತ್ರಪಟದವರು ಈ ಸ್ವಭಾವವನ್ನು ಚೆನ್ನಾಗಿ ಬಲ್ಲವರಾದುದರಿಂದ, ಒಂದು ಚಿತ್ರವು ಗೆದ್ದಿತೆಂದರೆ ಅದಕ್ಕೆ ಎರಡನೆಯ ಭಾಗವನ್ನು ಸಿದ್ಧಪಡಿಸತೊಡಗುವರು. ಅದು ವಿನೋದದ ಕಥೆಯೋ ಪ್ರೇಮದ ಕಥೆಯೋ ಆಗಿದ್ದರೆ ನಾವು ಹೆಚ್ಚು ವಿಚಾರಿಸುವ ಕಾರಣವಿಲ್ಲ. ಆದರೆ ಕತ್ತಿಯನ್ನು ಹಿಡಿದು ಒಬ್ಬೊಬ್ಬರನ್ನಾಗಿ ಕೊಲ್ಲುವವರ ಕಥೆಗೆ ಎರಡನೆಯ ಭಾಗವು ಬಂದಾಗ, ಜನರು ಯಾರನ್ನು ನೋಡಲು ಹೋಗುವರು, ನೋಡಿ ಬಂದು ಏನನ್ನು ಆಡಿಕೊಳ್ಳುವರು ಎಂಬದು ಸಂಸಾರಸ್ಥರು ಯೋಚಿಸತಕ್ಕ ಸಂಗತಿಯಾಗಿದೆ.

ಕನ್ನಡದಲ್ಲಿ ಇಂಥ ಚಿತ್ರವೆಂದರೆ ಮೊದಲು ನೆನಪಿಗೆ ಬರುವದು 'ದಂಡುಪಾಳ್ಯ'. ಶ್ರೀನಿವಾಸ ರಾಜು ಅವರು ನಿರ್ದೇಶಿಸಿದ ಈ ಚಿತ್ರದ ಮೊದಲನೆಯ ಭಾಗವು 2012 ರ ಜೂನದಲ್ಲಿ ತೆರೆಗೆ ಬಂದಿತು. ಬರಿಯ '2' ಎಂಬ ಅಂಕಿಯನ್ನೇ ಹೆಸರಾಗಿ ಹೊತ್ತ ಎರಡನೆಯ ಭಾಗವು 2017 ರ ಜುಲೈದಲ್ಲಿಯೂ, ಮೂರನೆಯದು 2018 ರ ಮಾರ್ಚದಲ್ಲಿಯೂ ಬಂದವು. ಪೂಜಾ ಗಾಂಧಿಯವರು ಲಕ್ಷ್ಮಿಯೆಂಬ ಕೊಲೆಗಾತಿಯಾಗಿಯೂ, ಮಕರಂದ ದೇಶಪಾಂಡೆಯವರು ಆ ತಂಡದ ಮುಖಂಡನಾಗಿಯೂ, ರವಿಶಂಕರ ಅವರು ಪೋಲೀಸ ಅಧಿಕಾರಿಯಾಗಿಯೂ ಅಭಿನಯಿಸಿದರು. ಇದರಲ್ಲಿ ದೆವ್ವವಿಲ್ಲ, ಪಿಶಾಚಿಯಿಲ್ಲ. ಬೆಂಗಳೂರಿನ ಬಳಿಯ ಹೊಸಕೋಟೆ ತಾಲೂಕಿನ ಒಂದು ಹಳ್ಳಿಯ ಹೆಸರಿನಿಂದ ಕರೆಯಲ್ಪಟ್ಟ ತಂಡದ ಮೇಲೆ ಕಳೆದ ಶತಮಾನದ ಕೊನೆಯಲ್ಲಿ ಹೊರಿಸಲ್ಪಟ್ಟ ಕೊಲೆ ದರೋಡೆಗಳೇ ಇದಕ್ಕೆ ಆಧಾರವು. ಹಾಡು ಹಗಲಲ್ಲಿ ಮನೆಯ ಬಾಗಿಲಿಗೆ ಬಂದು, 'ಕುಡಿಯಲು ನೀರು ಕೊಡಿರಿ' ಎಂದು ಕೇಳಿ, ಒಂಟಿಯಾಗಿರುವ ಗೃಹಿಣಿಯ ಕುತ್ತಿಗೆಯನ್ನು ಕೊಯ್ಯುವದು ಚಿತ್ರದ ಮುಖ್ಯ ಭೀತಿಯಾಗಿದೆ.

ಇಂಥ ಚಿತ್ರಗಳ ಹುಟ್ಟು ಪರದೇಶದ್ದು. 1960 ರಲ್ಲಿ ಹಿಚ್‌ಕಾಕ್ ಎಂಬ ನಿರ್ದೇಶಕರು 'ಸೈಕೋ' ಎಂಬ ಚಿತ್ರದಲ್ಲಿ, ಸ್ನಾನಗೃಹದಲ್ಲಿದ್ದ ಒಬ್ಬ ಹೆಣ್ಣುಮಗಳ ಕೊಲೆಯನ್ನು ತೋರಿಸಿದರು. ಅದು ಕಪ್ಪು-ಬಿಳುಪಿನ ಚಿತ್ರವಾದುದರಿಂದ ರಕ್ತಕ್ಕೆ ಬದಲಾಗಿ ಚಾಕೊಲೇಟಿನ ಪಾಕವು ಸಾಕಾಯಿತು. 1978 ರಲ್ಲಿ ಜಾನ್ ಕಾರ್ಪೆಂಟರ್ ಅವರ 'ಹ್ಯಾಲೋವೀನ್' ಬಂದಿತು. ಅದರಲ್ಲಿ ರಕ್ತವು ತೀರ ಕಡಿಮೆ. ಬಿಳಿಯ ಮುಖವಾಡದ ಕೊಲೆಗಾರನು ಎಲ್ಲಿ ನಿಂತಿರುವನೋ ಎಂಬ ಅಂಜಿಕೆಯೇ ಹೆಚ್ಚು. 1981 ರಲ್ಲಿ ಅದರ ಎರಡನೆಯ ಭಾಗವು ಬಂದಾಗ ರಕ್ತವು ಹೆಚ್ಚಿತು. 'ಫ್ರೈಡೆ ದಿ ಥರ್ಟೀನ್ತ್' ಎಂಬ ಮಾಲೆಯ ಸಂಗತಿಯು ಇನ್ನೂ ವಿಚಿತ್ರವಾದದ್ದು. 1980 ರ ಮೊದಲನೆಯ ಚಿತ್ರದಲ್ಲಿ ಕೊಲ್ಲುವವಳು ಮಗನನ್ನು ಕಳೆದುಕೊಂಡ ತಾಯಿ. ಎರಡನೆಯದರಲ್ಲಿ ಆ ಮಗನೇ ಕೊಲೆಗಾರನಾಗಿ ಬಂದನು. ಇಂದು ಲೋಕವೆಲ್ಲ ಗುರುತಿಸುವ ಅವನ ಮುಖವಾಡವಾದರೋ 1982 ರ ಮೂರನೆಯ ಭಾಗದಲ್ಲಿ ಅವನಿಗೆ ಬಂದದ್ದು. ಹೀಗೆ ಭಾಗದಿಂದ ಭಾಗಕ್ಕೆ ಕೊಲ್ಲುವವನ ವೇಷವು ತುಂಬುತ್ತ ಹೋಗುವದು. ಸಾಯುವವರು ಮಾತ್ರ ಪ್ರತಿಸಲವೂ ಹೊಸಬರು, ಪ್ರತಿಸಲವೂ ಮರೆತುಹೋಗುವವರು.

'ದಂಡುಪಾಳ್ಯ'ದ ಎರಡನೆಯ ಭಾಗದ ಬಗ್ಗೆ ಜನರ ಅಭಿಪ್ರಾಯಗಳನ್ನು ನಾವು ಒಟ್ಟಿಗೆ ಕೇಳಿದ್ದು ನಮ್ಮ ಒಣದ್ರಾಕ್ಷಿಯ ಶೆಡ್ಡಿನಲ್ಲಿ. ವಿಜಯಪುರದಿಂದ ಅಥಣಿಯ ದಾರಿಯಲ್ಲಿರುವ ನಮ್ಮ ತಿಕೋಟೆಯು ದ್ರಾಕ್ಷಿಯ ನಾಡು. ಬೇಸಿಗೆಯ ಮೊದಲಿಗೆ ಗೊನೆಗಳನ್ನು ಕೊಯ್ದು, ಔಷಧದ ನೀರಿನಲ್ಲಿ ಅದ್ದಿ, ನೆರಳಿನಲ್ಲಿ ಅಂತಸ್ತು ಅಂತಸ್ತಾಗಿ ಕಟ್ಟಿದ ಜಾಳಿಗೆಗಳ ಮೇಲೆ ಹರವಿದರೆ ಹದಿನೈದು ದಿವಸಗಳಲ್ಲಿ ಒಣದ್ರಾಕ್ಷಿಯಾಗುವದು. ಅದನ್ನು ಆರಿಸಲು ಹೆಣ್ಣುಮಕ್ಕಳು ಕುಳಿತರೆಂದರೆ ಕೈಗೆ ಕೆಲಸ, ಬಾಯಿಗೆ ಮಾತು. 2018 ರ ಮಾರ್ಚದಲ್ಲಿ ಮೂರನೆಯ ಭಾಗವು ಬರಲಿರುವ ಸುದ್ದಿಯು ಹಬ್ಬಿದ್ದರಿಂದ, ಎರಡನೆಯದರ ಮಾತು ಅಲ್ಲಿ ಎದ್ದಿತು.

ಕಾಲೇಜಿನಲ್ಲಿ ಓದುತ್ತಿದ್ದ ನಮ್ಮ ಅಣ್ಣನ ಮಗನದು ಮೊದಲನೆಯ ಅಭಿಪ್ರಾಯವು. "ಕಾಕಾ, ಮೊದಲಿನದು ನೋಡಿದಾಗ ರಾತ್ರಿಯೆಲ್ಲಾ ನಿದ್ದಿ ಬಂದಿದ್ದಿಲ್ಲ. ಇದರಾಗ ಬರೇ ಪೋಲೀಸರ ಹೊಡತಾನ ಆತು. ಅಂಜಿಕಿನ ಬರಲಿಲ್ಲ" ಎಂದನು. ಇದು ಬಹುಜನರ ಅಭಿಪ್ರಾಯವೂ ಆಗಿದೆ. ಎರಡನೆಯ ಭಾಗವು ಮೊದಲಿನದಕ್ಕಿಂತ ಹೆಚ್ಚು ಅಂಜಿಸಬೇಕು, ಇಲ್ಲವಾದರೆ ಕೊಟ್ಟ ದುಡ್ಡು ದಂಡವೆಂದು ತಿಳಿಯುವವರು ಬಹಳ. ಆದರೆ ಒಮ್ಮೆ ಕಂಡ ಮುಖಕ್ಕೆ ಎರಡನೆಯ ಸಲ ಅಷ್ಟೇ ಅಂಜುವದು ಮನಸ್ಸಿನ ಧರ್ಮವಲ್ಲ. ಆದುದರಿಂದ ಇಂಥ ಬೇಡಿಕೆಯನ್ನು ತೀರಿಸಲು ರಕ್ತವನ್ನು ಹೆಚ್ಚಿಸುವದೊಂದೇ ದಾರಿಯಾಗುವದು. ಅದಕ್ಕೆ ಕೊನೆಯೆಂಬದಿಲ್ಲ.

ಎರಡನೆಯ ಅಭಿಪ್ರಾಯವು ನಮ್ಮ ನೆರೆಯ ನಿವೃತ್ತ ಮಾಸ್ತರರದು. ಈ ಭಾಗದಲ್ಲಿ ಪತ್ರಕರ್ತೆಯೊಬ್ಬಳು ಸೆರೆಮನೆಯಲ್ಲಿರುವ ಆರೋಪಿಗಳನ್ನು ಕಂಡು, ಇವರನ್ನು ಬಡಿದು ಒಪ್ಪಿಸಿರಬಹುದೇ ಎಂದು ಸಂಶಯಪಡುವಳು. ಮಾಸ್ತರರಿಗೆ ಇದು ಮೆಚ್ಚಿಗೆಯಾಗಿದ್ದಿತು. "ಮನಶ್ಯಾ ಎಂಥಾವನರೆ ಇರಲಿ, ಬಡದು ಒಪ್ಪಿಸಿದ ಮಾತು ಖರೇನೋ ಸುಳ್ಳೋ ಅಂತ ಕೇಳವರು ಯಾರರೆ ಬೇಕಲ್ರಿ" ಎಂದರು. ಈ ಮಾತು ನ್ಯಾಯವಾದದ್ದು. ಪೋಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯಿಂದ ಆರೋಪವನ್ನು ಸಿದ್ಧಪಡಿಸಲಾಗದೆಂಬ ನಿಯಮವು 1872 ರ ಸಾಕ್ಷ್ಯದ ಕಾಯಿದೆಯಲ್ಲಿಯೇ ಇದ್ದಿತು. 2024 ರಲ್ಲಿ ಜಾರಿಗೆ ಬಂದ ಹೊಸ ಕಾಯಿದೆಯೂ ಅದನ್ನು ಉಳಿಸಿಕೊಂಡಿದೆ. ಆರೋಪಿಯೂ ಮನುಷ್ಯನೆಂದು ನೆನಪಿಸುವ ಚಿತ್ರವನ್ನು ಬರಿಯ ಅಂಜಿಕೆ ಸಾಲದೆಂಬ ಕಾರಣದಿಂದ ತೆಗಳುವದು ಸರಿಯಲ್ಲ.

ಅಷ್ಟರಲ್ಲಿ, ಅಲ್ಲಿಯವರೆಗೆ ಸುಮ್ಮನೆ ಕಾಳು ಆರಿಸುತ್ತ ಕುಳಿತಿದ್ದ ನಮ್ಮ ವೈನಿಯವರು ತಲೆಯೆತ್ತದೆಯೇ ಅಂದರು: "ಮೊದಲನೇದರಾಗ ಕೊಯ್ದದ್ದು ತೋರಿಸಿದ್ರು. ಎರಡನೇದರಾಗ ಕೊಯ್ದವರ ದುಃಖ ತೋರಿಸಿದ್ರು. ಸತ್ತ ಹೆಣ್ಣಮಕ್ಕಳ ಕೂಸುಗೋಳು ಮುಂದ ಏನಾದುವು, ಅದನ್ಯಾಕ ಯಾರೂ ತೋರಿಸವಲ್ರು?"

ಇದಕ್ಕೆ ಮಾಸ್ತರರಲ್ಲಿಯೂ ಉತ್ತರವಿದ್ದಿಲ್ಲ, ಹುಡುಗನಲ್ಲಿಯೂ ಇದ್ದಿಲ್ಲ. ನಮಗಾದರೋ ಆಗ ನಮ್ಮ ದಾರಿಯಲ್ಲಿಯೇ ಇರುವ ಸಾಠ ಕಬರದ ನೆನಪಾಯಿತು. ವಿಜಯಪುರದ ಪಶ್ಚಿಮಕ್ಕೆ, ಹೊಲಗಳ ನಡುವೆ, ಒಂದೇ ಅಳತೆಯ ಕರಿಗಲ್ಲಿನ ಗೋರಿಗಳು ಸಾಲಾಗಿ ಇರುವವು. ಆದಿಲಶಾಹಿಯ ಸರದಾರನಾದ ಅಫಜಲಖಾನನು 1659 ರಲ್ಲಿ ಶಿವಾಜಿಯ ಮೇಲೆ ದಂಡೆತ್ತಿ ಹೋಗುವ ಮೊದಲು, ತಾನು ತಿರುಗಿ ಬರಲಾರೆನೆಂಬ ಭವಿಷ್ಯವನ್ನು ನಂಬಿ, ತನ್ನ ಅರವತ್ತಕ್ಕೂ ಮಿಕ್ಕಿದ ಹೆಂಡಂದಿರನ್ನು ಕೊಂದು ಇಲ್ಲಿ ಹೂಳಿಸಿದನೆಂದು ಜನರು ಹೇಳುತ್ತ ಬಂದಿರುವರು. ಈ ಐತಿಹ್ಯವು ಎಷ್ಟರ ಮಟ್ಟಿಗೆ ನಿಜವೆಂಬದು ಹಾಗಿರಲಿ. ಇದರ ಎರಡನೆಯ ಭಾಗವು ಎಲ್ಲರಿಗೂ ಗೊತ್ತಿದೆ: ಖಾನನು ಪ್ರತಾಪಗಡಕ್ಕೆ ಹೋದನು, ಅಲ್ಲಿಯೇ ಸತ್ತನು, ಅವನ ಗೋರಿಯು ಆ ಕೋಟೆಯ ಬುಡದಲ್ಲಿದೆ. ಆದರೆ ಈ ಅರವತ್ತು ಗೋರಿಗಳೊಳಗಿನ ಒಬ್ಬಳ ಹೆಸರನ್ನಾದರೂ ನಮ್ಮ ಸೀಮೆಯ ಮುದುಕರು ಹೇಳಿದ್ದನ್ನು ನಾವು ಕೇಳಿಲ್ಲ. ಕೊಂದವನಿಗೆ ಹೆಸರು ಉಳಿಯಿತು. ಸತ್ತವರಿಗೆ ಎಣಿಕೆಯೊಂದೇ ಉಳಿಯಿತು. ಕತ್ತಿಯ ಚಿತ್ರಗಳ ಎರಡನೆಯ ಭಾಗಗಳಲ್ಲಿಯೂ ನಡೆಯುವದು ಇದುವೇ.

ಇದರಿಂದ ನಮ್ಮ ಸಂಸಾರಗಳಿಗೇನು ಎಂದು ವಾಚಕರು ಕೇಳಬಹುದು. ಅದೇ ವಾರದ ಸಂಗತಿಯೊಂದನ್ನು ಹೇಳುವೆವು. ದ್ರಾಕ್ಷಿಯ ಸುಗ್ಗಿಗೆ ಪರಊರಿನ ಕೂಲಿಕಾರರು ಬರುವದು ವಾಡಿಕೆ. ಅವರಲ್ಲಿಯ ಒಬ್ಬಳು ಮಧ್ಯಾಹ್ನದ ಬಿಸಿಲಿನಲ್ಲಿ ಬಗಲಲ್ಲಿ ಕೂಸನ್ನೆತ್ತಿಕೊಂಡು ನಮ್ಮ ಓಣಿಯ ಮನೆಯೊಂದರ ಮುಂದೆ ನಿಂತು, "ಯವ್ವಾ, ಕೂಸಿಗೆ ಒಂದ ತಂಬಿಗಿ ನೀರ ಕೊಡ್ರಿ" ಎಂದಳು. ಒಳಗೆ ಒಬ್ಬಳೇ ಇದ್ದ ಸೊಸೆಯು ಅಗಳಿಯನ್ನು ಹಾಕಿಕೊಂಡು ಕಿಟಕಿಯ ಮರೆಗೆ ನಿಂತಳು. "ದಂಡುಪಾಳ್ಯದವರು ಹಿಂಗs ಬರ್ತಾರಲ್ರಿ" ಎಂದು ಅವಳು ಆಮೇಲೆ ನಡುಗುವ ದನಿಯಿಂದ ನಮ್ಮ ವೈನಿಯವರಿಗೆ ಹೇಳಿದಳು. ಆ ಕೂಲಿಯವಳಿಗೆ ನೀರು ದೊರೆತದ್ದು ಐದನೆಯ ಮನೆಯಲ್ಲಿ.

ಬಂದವರಿಗೆ ಮೊದಲು ನೀರು ಬೆಲ್ಲವನ್ನು ಕೊಟ್ಟು, ಆಮೇಲೆ ಊರು ಹೆಸರುಗಳನ್ನು ಕೇಳುವ ಸೀಮೆ ನಮ್ಮದು. ಬರವನ್ನು ಬಲ್ಲ ಜನರಿಗೆ ನೀರಡಿಸಿದವರ ಸಂಕಟವನ್ನು ಬೇರೆ ಹೇಳಬೇಕಾಗಿಲ್ಲ. ಹಾಗೆಂದು ಆ ಸೊಸೆಯನ್ನು ನಾವು ಜರೆಯಲಾರೆವು. ಬಾಗಿಲು ತೆರೆದು ಸತ್ತ ಗೃಹಿಣಿಯರೂ ನೀರು ಕೊಡಲು ಹೋದವರೇ ಎಂದು ಅವಳಿಗೆ ಚಿತ್ರವು ಕಲಿಸಿದ್ದಿತು. ಚಿತ್ರವು ಕಲಿಸದೆ ಬಿಟ್ಟದ್ದು ಇನ್ನೊಂದು: ನೀರು ಕೇಳುವ ಸಾವಿರ ಜನರಲ್ಲಿ ಸಾವಿರವೂ ನೀರಡಿಸಿದವರೇ ಆಗಿರುವರು. ದಂಡುಪಾಳ್ಯದಲ್ಲಿಯೂ ಇಂದು ಒಕ್ಕಲುತನ ಮಾಡಿ ಉಣ್ಣುವ ಸಂಸಾರಗಳಿವೆ. ಊರ ಹೆಸರನ್ನು ಹೇಳಿದೊಡನೆ ಎದುರಿನವರು ಹಿಂದೆ ಸರಿಯುವ ದುರ್ದೈವವು ಅವರಿಗೇಕೆ ಬರಬೇಕು?

ಹಾಗಾದರೆ ಎರಡನೆಯ ಭಾಗಗಳೇ ಬೇಡವೆಂದು ನಮ್ಮ ಅಭಿಪ್ರಾಯವಲ್ಲ. 'ಸೈಕೋ'ದ ಎರಡನೆಯ ಭಾಗವು 1983 ರಲ್ಲಿ ಬಂದಾಗ, ಕೊಲೆಗಾರನು ಆಸ್ಪತ್ರೆಯಿಂದ ಬಿಡುಗಡೆಯಾಗಿ ನೆಟ್ಟಗೆ ಬದುಕಲು ಹೆಣಗುವದನ್ನು ತೋರಿಸಲಾಯಿತು. ಅದು ನಮ್ಮ ಮಾಸ್ತರರು ಮೆಚ್ಚುವ ಬಗೆ. 2018 ರಲ್ಲಿ 'ಹ್ಯಾಲೋವೀನ್' ಮಾಲೆಯಲ್ಲಿ ಬಂದ ಚಿತ್ರವು ಬೇರೊಂದು ದಾರಿಯನ್ನು ಹಿಡಿಯಿತು. ನಡುವಿನ ಭಾಗಗಳನ್ನೆಲ್ಲ ಬದಿಗಿರಿಸಿ, ಮೊದಲನೆಯ ಚಿತ್ರದಲ್ಲಿ ಬದುಕಿ ಉಳಿದ ಹುಡುಗಿಯು ನಲವತ್ತು ವರ್ಷಗಳ ಮೇಲೆ ಹೇಗಿರುವಳೆಂದು ಅದು ಕೇಳಿತು. ಜೇಮಿ ಲೀ ಕರ್ಟಿಸ್ ಎಂಬ ನಟಿಯೇ ಮತ್ತೆ ಆ ಪಾತ್ರವನ್ನು ಧರಿಸಿದರು. ಆಕೆಯು ಈಗ ಅಜ್ಜಿ. ಮನೆಯನ್ನು ಕೋಟೆಯಂತೆ ಭದ್ರಪಡಿಸಿಕೊಂಡಿರುವಳು. ಮಗಳೊಡನೆ ಸರಿಯಾಗಿ ಮಾತಿಲ್ಲ. ಒಂದು ರಾತ್ರಿಯ ಭಯವು ಮೂರು ತಲೆಮಾರಿನ ಹೆಂಗಸರ ಬಾಳನ್ನು ಹೊಕ್ಕಿದೆ. ಆ ಚಿತ್ರದಲ್ಲಿಯೂ ಕೊಲೆಗಳಿಗೆ ಕೊರತೆಯಿಲ್ಲ. ಆದರೂ ನಮ್ಮ ವೈನಿಯವರ ಪ್ರಶ್ನೆಯನ್ನು ಅದು ಒಮ್ಮೆಯಾದರೂ ಕೇಳಿತು.

ನಮ್ಮ ವಿಚಾರದಲ್ಲಿ ಇಂಥ ಚಿತ್ರದ ಎರಡನೆಯ ಭಾಗವನ್ನು ಅಳೆಯುವ ಅಳತೆಯು ಇದೇ. ಎಷ್ಟು ಅಂಜಿಸಿತೆಂದು ಕೇಳುವದರ ಬದಲು, ಮೊದಲನೆಯ ಭಾಗದಲ್ಲಿ ಸತ್ತವರನ್ನು ಅದು ನೆನೆಯಿತೇ ಎಂದು ಕೇಳಬೇಕು. ದೊಡ್ಡ ಹುಡುಗರು ಇಂಥ ಚಿತ್ರಗಳನ್ನು ಮೊಬೈಲಿನಲ್ಲಿ ನೋಡುವದನ್ನು ಮನೆಯ ಹಿರಿಯರು ಪೂರ್ತಿಯಾಗಿ ತಡೆಯಲಾರರು. ನೋಡಿದ ಮೇಲೆ ಅವರನ್ನು ಹತ್ತಿರ ಕೂಡ್ರಿಸಿಕೊಂಡು, ಸತ್ತವಳ ಹೆಸರೇನಿತ್ತು, ಅವಳ ಮನೆಯಲ್ಲಿ ಯಾರು ಯಾರು ಇದ್ದರು ಎಂದು ಕೇಳುವದು ಸಾಧ್ಯವಿದೆ. ನಾವು ಅಣ್ಣನ ಮಗನಿಗೆ ಹೀಗೆ ಕೇಳಿದಾಗ ಅವನು ಬಹಳ ಹೊತ್ತು ಯೋಚಿಸಿದನು. ಕೊಲ್ಲುವವರೆಲ್ಲರ ಹೆಸರುಗಳು ಅವನ ಬಾಯಲ್ಲಿದ್ದವು, ಸತ್ತವರದು ಒಂದೂ ಇದ್ದಿಲ್ಲ. ಮರುದಿವಸ ಅವನು ತಾನಾಗಿಯೇ ಆ ಚಿತ್ರದ ಮಾತನ್ನು ತೆಗೆದು, "ಕಾಕಾ, ವೈನಿ ಕೇಳಿದ್ದು ಬರೋಬ್ಬರಿ ಐತಿ" ಎಂದನು.

ಓಣಿಯ ಹೆಣ್ಣುಮಕ್ಕಳಾದರೋ ತಮ್ಮ ಪ್ರಶ್ನೆಯನ್ನು ತಾವೇ ಬಗೆಹರಿಸಿಕೊಂಡರು. ವೈನಿಯವರ ಮಾತಿನಂತೆ, ಅಂಜಿದ ಆ ಸೊಸೆಯೇ ತನ್ನ ಮನೆಯ ಹೊರಗಟ್ಟೆಯ ಮೇಲೆ ಮಣ್ಣಿನ ಹರವಿಯೊಂದನ್ನು ಇಟ್ಟು, ಮುಚ್ಚಳದ ಮೇಲೆ ತಂಬಿಗೆಯನ್ನು ಬೋರಲು ಹಾಕಿದಳು. ದಿನಾಲು ಮುಂಜಾನೆ ಅದನ್ನು ತೊಳೆದು ತುಂಬುವಳು. ಮಧ್ಯಾಹ್ನ ಒಬ್ಬಳೇ ಇದ್ದಾಗ ಅಗಳಿಯನ್ನು ಹಾಕಿಕೊಳ್ಳುವಳು. ಅದರಲ್ಲಿ ತಪ್ಪೇನೂ ಇಲ್ಲ. ಬಂದವರು ಕುಡಿದು ಹೋಗುವರು.