ಇಪ್ಪತ್ತಕ್ಕೆ ಆರು

ಇಪ್ಪತ್ತಕ್ಕೆ ಆರು ತಗೊಂಡವನ ಬಗ್ಗೆ ಯಾರೂ ಲೇಖನ ಬರೆಯುವುದಿಲ್ಲ. ನಾವು ಬರೀತಿದ್ದೀವಿ. ನಿಜ ಹೇಳಬೇಕಂದರೆ ಇದು ಅವನಿಗಿಂತ ಹೆಚ್ಚಾಗಿ ಅವನಿಗೆ ಆರು ಕೊಟ್ಟ ನಮ್ಮ ಬಗ್ಗೆ.

ಕಳೆದ ವರ್ಷ ಫಸ್ಟ್ ಇಯರ್‌ನಲ್ಲಿ ನಮಗೆ 'ಸಾಂಸ್ಕೃತಿಕ ಕನ್ನಡ', ಹೊರರಾಜ್ಯದ ಗೆಳೆಯರಿಗೆ 'ಬಳಕೆ ಕನ್ನಡ'. ವಿಟಿಯು ಮಕ್ಕಳಿಗೆಲ್ಲ ಗೊತ್ತಿರೋದೇ: ಒಂದೇ ಕ್ರೆಡಿಟ್, ಕೊಟ್ಟ ಆಯ್ಕೆಗಳಲ್ಲಿ ಸರಿ ಉತ್ತರ ಗುರುತಿಸಿದರೆ ಮುಗೀತು. ಅವರಿಗೆ ಸ್ವಲ್ಪ ಸಹಾಯ ಆಗಲಿ ಅಂತ ನಾವು ನಾಲ್ಕು ಜನ ಸೇರಿ ಹಾಸ್ಟೆಲ್‌ನಲ್ಲಿ ರಾತ್ರಿ ಊಟ ಆದಮೇಲೆ ಅರ್ಧ ಗಂಟೆ ಪಾಠ ಶುರು ಮಾಡಿದೆವು.

ಭಾಷೆ ಕಲಿಸೋದು ಹೇಗೆ ಅಂತ ನಮಗೆ ಗೊತ್ತಿರಲಿಲ್ಲ. ನಮಗೆ ಹೇಗೆ ಕಲಿಸಿದ್ದರೋ ಹಾಗೇ ಕಲಿಸಿದೆವು. ಇಂಗ್ಲಿಷ್ ಮೀಡಿಯಂನ ನಮಗೆ ಕನ್ನಡ ಅಂದರೆ ಪಾಠದ ಕೊನೆಯಲ್ಲಿರೋ 'ಪದಗಳ ಅರ್ಥ'. ಪಾಠ ಓದದಿದ್ದರೂ ಅದು ಮಾತ್ರ ಬಾಯಿಪಾಠ. ಹೊಂದಿಸಿ ಬರೆಯಿರಿ, ವಿರುದ್ಧಾರ್ಥಕ ಪದ, ತತ್ಸಮ-ತದ್ಭವ. ಕಾರ್ಯಕ್ಕೆ ಕಜ್ಜ ಅಂತ ಬರೆದು ಮಾರ್ಕ್ಸ್ ತಗೊಂಡಿದ್ದೀವಿ. ಮನೆಯಲ್ಲಿ ಒಂದು ಸಲಾನೂ 'ಕಜ್ಜ' ಅಂದವರಲ್ಲ.

ಅದೇ ದಾರೀಲಿ ವಾರಕ್ಕೆ ಇಪ್ಪತ್ತು ಪದ. ಎಡಗಡೆ ಇಂಗ್ಲಿಷ್, ಬಲಗಡೆ ಕನ್ನಡ. ಶನಿವಾರ ಟೆಸ್ಟ್. ಪಟ್ನಾದ ಗೆಳೆಯನಿಗೆ ಪ್ರತಿ ವಾರ ಹತ್ತೊಂಬತ್ತೋ ಇಪ್ಪತ್ತೋ. ಒಡಿಶಾದವನಿಗೆ ಒಮ್ಮೆ ಆರು. 'ಮೇಕ್' ಎದುರು ನಾವು ಬಯಸಿದ್ದು 'ಮಾಡು'. ಅವನು ಬರೆದಿದ್ದು 'ತಟ್ಟು, ಹುಯ್ಯಿ, ಕಟ್ಟು'. ಯಾರು ಹೇಳಿಕೊಟ್ಟರು ಅಂದರೆ, "ಮೆಸ್ ಅಕ್ಕ" ಅಂದ. ನಾವು ನಕ್ಕು, ಕೆಂಪು ಇಂಕಿನಲ್ಲಿ ತಪ್ಪು ಹಾಕಿದೆವು.

ಸೆಕೆಂಡ್ ಸೆಮ್‌ನಲ್ಲಿ ಮೆಸ್ ಅಕ್ಕ ಸುಮಾರು ಎರಡು ವಾರ ಬರಲಿಲ್ಲ. ಅವರ ಅಮ್ಮ ತೀರಿಕೊಂಡಿದ್ದರು. ವಾಪಸ್ ಬಂದ ದಿನ ಮಧ್ಯಾಹ್ನ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದೆವು. ಏನಾದರೂ ಹೇಳಬೇಕು ಅನ್ನಿಸ್ತಿತ್ತು. ತಲೆಗೆ ಬಂದ ಪದಗಳು 'ಸಂತಾಪ', 'ಸಾಂತ್ವನ'. ಸ್ವಂತ ವಾಕ್ಯದಲ್ಲಿ ಬಳಸಿ ಅಂದಿದ್ದರೆ ಪೂರ್ತಿ ಅಂಕ ಬರ್ತಿತ್ತು. ಆದರೆ ಸೌಟು ಹಿಡಿದು ನಿಂತವರ ಎದುರು "ಅಕ್ಕಾ, ಸಂತಾಪಗಳು" ಅನ್ನೋಕಾಗುತ್ತಾ? ನಮ್ಮಲ್ಲೊಬ್ಬ ಹೇಗೋ ಧೈರ್ಯ ಮಾಡಿ, "ಸಾರಿ ಅಕ್ಕ" ಅಂದ. ಅವರು ಮುಖ ನೋಡಿ, "ಯಾಕಪ್ಪಾ, ನೀನೇನು ಮಾಡ್ದೆ?" ಅಂದರು.

ಹಿಂದೆ ನಿಂತಿದ್ದ ಒಡಿಶಾದವನು ಮುಂದೆ ಬಂದ. "ಅಕ್ಕಾ, ನೀವು ಊಟ ಮಾಡಿದ್ರಾ?" ಅಷ್ಟೇ ಕೇಳಿದ್ದು. ಅಕ್ಕ "ಇಲ್ಲ ಕಣಪ್ಪ" ಅಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಸೌಟು ಅವನ ಕೈಗೆ ಕೊಟ್ಟು ಒಳಗೆ ಹೋಗಿ ಕೂತರು. ಅವತ್ತು ನಮಗೆಲ್ಲ ಸಾರು ಬಡಿಸಿದ್ದು ಅವನೇ.

ನೀವು, ಊಟ, ಮಾಡು. ಮೂರೂ ನಮ್ಮ ಮೊದಲ ವಾರದ ಲಿಸ್ಟ್‌ನಲ್ಲೇ ಇದ್ದ ಪದಗಳು. ನಾವಂತೂ ಹುಟ್ಟಿದಾಗಿನಿಂದ ಕೇಳಿದವು. ಆ ಮೂರನ್ನು ಆ ಹೊತ್ತಿಗೆ ಜೋಡಿಸೋಕೆ ನಮಗೆ ಆಗಲಿಲ್ಲ. ಅವನಿಗೆ ಹೇಗೆ ಬಂತು ಅಂತ ರಾತ್ರಿ ಕೇಳಿದೆವು. ಬಂದ ಹೊಸದರಲ್ಲಿ ಅವನು ಯಾರ ಜೊತೆಯೂ ಮಾತಾಡದೆ ಕೂತಿರುತ್ತಿದ್ದಾಗ ಅಕ್ಕ ದಿನಾ ಅವನನ್ನು ಕೇಳ್ತಿದ್ದುದು ಅದೊಂದೇ ಪ್ರಶ್ನೆಯಂತೆ. ಅಡುಗೆಮನೆ ಬಾಗಿಲಲ್ಲಿ ನಿಂತು ಅವನು ಉಳಿದದ್ದನ್ನೂ ಕಲಿತಿದ್ದ: ರೊಟ್ಟಿ ತಟ್ಟೋದು, ದೋಸೆ ಹುಯ್ಯೋದು, ಮುದ್ದೆ ಕಟ್ಟೋದು, ಚಪಾತಿ ಲಟ್ಟಿಸೋದು. ನಮ್ಮ ಲಿಸ್ಟ್‌ನಲ್ಲಿ ಇದೆಲ್ಲಕ್ಕೂ ಒಂದೇ ಪದ, 'ಮಾಡು'.

ನಮ್ಮ ಟೆಸ್ಟ್ ಕೇಳಿದ್ದು ಪದದ ಅರ್ಥ ಏನು ಅಂತ ಮಾತ್ರ. ಯಾರ ಹತ್ತಿರ, ಯಾವಾಗ, ಯಾವ ಪದದ ಜೊತೆ ಅಂತ ಕೇಳಲೇ ಇಲ್ಲ. ಇಂಗ್ಲಿಷಿನಲ್ಲಿ ಎಲ್ಲವನ್ನೂ 'ವೇರ್' ಮಾಡಬಹುದು. ಕನ್ನಡದಲ್ಲಿ ಸೀರೆ ಉಡಬೇಕು, ಅಂಗಿ ತೊಡಬೇಕು, ಹೂ ಮುಡಿಯಬೇಕು. ಪದದ ಜೊತೆಗಾರ ಗೊತ್ತಿಲ್ಲದಿದ್ದರೆ ಪದ ಅರ್ಧವೇ ಗೊತ್ತಿದ್ದಂತೆ.

ಇನ್ನೊಂದು ತಪ್ಪು: ಶನಿವಾರದ ಟೆಸ್ಟ್ ಆದಮೇಲೆ ಆ ಪದಗಳ ಕಡೆ ಮತ್ತೆ ತಿರುಗಿಯೂ ನೋಡ್ತಿರಲಿಲ್ಲ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಮರೆವು ಹೇಗೆ ಕೆಲಸ ಮಾಡುತ್ತೆ ಅಂತ 1885ರಲ್ಲೇ ಪ್ರಕಟಿಸಿದ್ದ. ಕಲಿತದ್ದು ಮೊದಲ ಕೆಲವು ಗಂಟೆಗಳಲ್ಲೇ ವೇಗವಾಗಿ ಸೋರಿಹೋಗುತ್ತೆ. ನಡುವೆ ಬಿಡುವು ಕೊಟ್ಟು ಮತ್ತೆ ಮತ್ತೆ ಓದಿದರೆ ಉಳಿಯುತ್ತೆ. ಅಕ್ಕ ದಿನಾ ಒಂದೇ ಪ್ರಶ್ನೆ ಕೇಳ್ತಿದ್ದುದರ ಫಲವೂ ಅದೇ.

ಹಾಗಂತ ಲಿಸ್ಟ್ ಬೇಡವೇ ಬೇಡ ಅಂತಲ್ಲ. ಬಸ್ ಬೋರ್ಡ್ ಓದೋಕೆ, ಫಾರ್ಮ್ ತುಂಬೋಕೆ ಪಟ್ನಾದವನಿಗೇ ಈಗಲೂ ಸುಲಭ. ಈ ವರ್ಷ ನಾವು ಬದಲಾಯಿಸಿದ್ದು ಇಷ್ಟು: ವಾರಕ್ಕೆ ಆರೇ ಪದ, ಒಂಟಿಯಾಗಿ ಅಲ್ಲ, ಜೊತೆಗಾರನ ಸಮೇತ. ಹಳೆಯ ಪದಗಳು ಮುಂದಿನ ವಾರವೂ, ಮುಂದಿನ ತಿಂಗಳೂ ವಾಪಸ್ ಬರುತ್ತವೆ. ಟೆಸ್ಟ್‌ನಲ್ಲಿ "ಕಂಡಕ್ಟರ್ ಚಿಲ್ಲರೆ ಕೊಟ್ಟಿಲ್ಲ, ಏನಂತೀರಿ?" ಅಂತ ಪ್ರಶ್ನೆ. ಜೊತೆಗೆ ಎಲ್ಲರೂ ಹೊರಗಿನಿಂದ ಕೇಳಿಸಿಕೊಂಡ ಒಂದು ಪದ ತರಬೇಕು, ಕಲಿಸುವ ನಾವೂ ಸೇರಿ. ಮಾರ್ಕ್ಸ್ ಹಾಕೋದು ಮಾತ್ರ ಕಷ್ಟ, ಎಂಟು ಜನ ಎಂಟು ಥರ ಸರಿಯಾಗೇ ಬರೆದಿರುತ್ತಾರೆ.

ಕೆಂಪು ತಪ್ಪಿನ ಆ ಹಾಳೆ ಇನ್ನೂ ನಮ್ಮ ಹತ್ತಿರ ಇದೆ. ಅಕ್ಕನಿಗೆ ಅವತ್ತು ಹೇಳಬೇಕಾದ್ದನ್ನು ನಾವು ಹೇಳಲೇ ಇಲ್ಲ. ಕಳೆದ ವಾರ ತಟ್ಟೆ ಮುಂದಿಟ್ಟು, "ಅಕ್ಕಾ, ನಿಮ್ಮದು ಊಟ ಆಯ್ತಾ?" ಅಂತ ಕೇಳಿದೆವು. ಅಕ್ಕ ನಮ್ಮನ್ನೇ ಒಂದು ಗಳಿಗೆ ನೋಡಿ, "ಏನ್ರಪ್ಪಾ, ಸೂರ್ಯ ಇವತ್ತು ಯಾವ ಕಡೆ ಹುಟ್ಟಿದಾನೆ?" ಅಂದರು. ಆಮೇಲೆ ಇನ್ನೊಂದು ಸೌಟು ಸಾರು ಹಾಕಿದರು.